ಒಂದು ತೊಟ್ಟಿ ನೀರು, ನಾಲ್ಕು ತಲೆ

ಜರ್ಮನಿಯಲ್ಲಿ ಮನೆ ಹುಡುಕುವವರಿಗೆ ನಾನು ಮೊದಲು ಹೇಳುವ ಮಾತು ಇದು: ಅಡುಗೆಮನೆ ನೋಡುವುದಕ್ಕೂ ಮುಂಚೆ ಬಚ್ಚಲಿಗೆ ಹೋಗಿ, ಬಿಸಿನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಗೋಡೆಗೆ ಬಾಯ್ಲರ್ ನೇತು ಹಾಕಿದ್ದರೆ ಅದರ ಹೊಟ್ಟೆ ಎಷ್ಟು ಲೀಟರಿನದು ಎಂದು ಓದಿಕೊಳ್ಳಿ. ಮನೆಯ ಮಾಲೀಕರು “ನಾಲ್ಕು ಜನಕ್ಕೆ ಧಾರಾಳ ಸಾಕು” ಅಂದರೆ, ಅದು ಐದು ನಿಮಿಷದಲ್ಲಿ ಷವರ್ ಮುಗಿಸಿ ಹೊರಗೆ ಬರುವ ನಾಲ್ಕು ಜನ ಎಂದು ತಿಳಿಯಿರಿ. ಎಣ್ಣೆ ಹಚ್ಚಿಕೊಂಡು ಕೂರುವ ನಾಲ್ಕು ಜನವಲ್ಲ.

ಈ ಬುದ್ಧಿ ನನಗೆ ಬಂದದ್ದು ತಡವಾಗಿ. ಸೇಂಟ್ ಲಿಯೋನ್-ರೋಟ್‌ನ ಈ ಮನೆಯನ್ನು ನಾನೇ ಚೌಕಾಸಿ ಮಾಡಿ ಹಿಡಿದದ್ದು. ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ಭಾಷೆ ಕಲಿತು, ನಮ್ಮ ಕಡೆಯಿಂದ ಹೊಸದಾಗಿ ಬರುವ ಎಂಜಿನಿಯರುಗಳಿಗೆ ಮನೆ ಹುಡುಕಿಕೊಡುವುದನ್ನೇ ಕಸುಬು ಮಾಡಿಕೊಂಡೆ. ನಮ್ಮ ಮನೆಯ ವಿಷಯಕ್ಕೆ ಬಂದಾಗ ಬಾಡಿಗೆ ಇಳಿಸಿದೆ, ಹಳೆಯ ಒಲೆ ಬದಲಾಯಿಸಿಕೊಂಡೆ, ನೆಲಮಾಳಿಗೆಯಲ್ಲಿ ಎರಡನೇ ಸೈಕಲ್ಲಿಗೂ ಜಾಗ ಗಿಟ್ಟಿಸಿದೆ. ಬಾಯ್ಲರ್ ಕಡೆ ಮಾತ್ರ ತಲೆ ಎತ್ತಿ ನೋಡಲಿಲ್ಲ. ಎಂಬತ್ತು ಲೀಟರಿನದು. ತಣ್ಣೀರು ಬೆರೆಸಿದರೆ ಒಂದು ತೊಟ್ಟಿ ತುಂಬುತ್ತದೆ, ಅಷ್ಟೆ. ಖಾಲಿಯಾದರೆ ಮತ್ತೆ ಕಾಯಲು ನಾಲ್ಕು ಗಂಟೆ ಬೇಕು.

ಹೋದ ವರ್ಷ ಬಾಗಲಕೋಟೆಯಿಂದ ಅತ್ತೆ ಮೊದಲ ಸಲ ಬಂದರು. ಬರಲು ಒಪ್ಪಿಸಿದವಳೂ ನಾನೇ. ದೀಪಾವಳಿ ಬಿಟ್ಟು ಬರುವುದಿಲ್ಲ, ನರಕ ಚತುರ್ದಶಿಯ ದಿನ ಮಗ, ಸೊಸೆ, ಮೊಮ್ಮಗಳ ತಲೆಗೆ ತನ್ನ ಕೈಯಾರೆ ನೀರು ಹಾಕಬೇಕು ಎಂದು ಹಟ ಹಿಡಿದಿದ್ದರು. “ಇಲ್ಲೇ ಹಾಕ್ರಿ ಅತ್ತಿ. ನಳ ತಿರುವಿದ್ರ ಕುದಿಯೂ ನೀರು ಬರ್ತೈತಿ, ಸೌದಿ ಇಲ್ಲ, ಹೊಗಿ ಇಲ್ಲ,” ಎಂದು ಫೋನಿನಲ್ಲಿ ಮಾತು ಕೊಟ್ಟೆ. ಅವರ ಮೊಣಕಾಲು ಸರಿಯಿರಲಿಲ್ಲ. ಇನ್ನೊಂದು ದೀಪಾವಳಿಗೆ ವಿಮಾನ ಹತ್ತುತ್ತಾರೆ ಎಂಬ ನಂಬಿಕೆ ನಮಗಾರಿಗೂ ಇರಲಿಲ್ಲ. ಹಾಗಾಗಿ ಆ ಬೆಳಗ್ಗೆ ನಾಲ್ಕು ತಲೆಗೂ ಬಿಸಿನೀರು ಒದಗಿಸುವುದು ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು.

ನಾನು ಉಪಾಯ ಹೂಡಿದೆ. ಹಿಂದಿನ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ ತಾನೆ? ಊರಲ್ಲಿ ಹಂಡೆ ತಿಕ್ಕಿ, ನೀರು ತುಂಬಿ, ಪೂಜೆ ಮಾಡುತ್ತಾರೆ. ಇಲ್ಲಿ ಹಂಡೆಯ ಬದಲು ಬಾಡೆವಾನೆ, ಅಂದರೆ ಸ್ನಾನದ ತೊಟ್ಟಿ. ಸಂಜೆಯೇ ಅದನ್ನು ಬಾಯ್ಲರಿನ ಬಿಸಿನೀರಿನಿಂದ ತುಂಬಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಎರಡು ಹಳೆಯ ರಜಾಯಿ ಹೊದಿಸಿಬಿಟ್ಟರೆ ಬೆಳಗ್ಗೆಯವರೆಗೆ ಉಗುರುಬೆಚ್ಚಗಾದರೂ ಇರುತ್ತದೆ. ಅಷ್ಟರಲ್ಲಿ ಬಾಯ್ಲರ್ ಮತ್ತೆ ಕಾದಿರುತ್ತದೆ. ಎರಡನ್ನೂ ಬೆರೆಸಿದರೆ ಒಂದರ ಜಾಗದಲ್ಲಿ ಎರಡು ಪಾಲು ಬಿಸಿನೀರು. ಅತ್ತೆಗೆ ಹೇಳಿದಾಗ, “ಅಬ್ಬಬ್ಬಾ, ಏನ್ ತಲಿಯವಾ ನಿಂದು!” ಎಂದು ಮೆಚ್ಚಿಕೊಂಡರು. ನಾನೂ ಉಬ್ಬಿದೆ.

ತೊಟ್ಟಿ ತುಂಬಿತು. ಅತ್ತೆ ಅದರ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ, ಮೂಲೆಯಲ್ಲಿ ಹಣತೆ ಇಟ್ಟು, ಸೂಪರ್ ಮಾರ್ಕೆಟ್ಟಿನಿಂದ ತಂದ ಸೇವಂತಿಗೆಯ ಎಸಳುಗಳನ್ನು ನೀರಿನ ಮೇಲೆ ತೇಲಿಬಿಟ್ಟು ಗಂಗೆಗೆ ಕೈಮುಗಿದರು. ಹಬೆಯಾಡುವ ನೀರು, ಹೂವು, ದೀಪ; ಚೆನ್ನಾಗಿಯೇ ಕಂಡಿತು. ಹೊದಿಕೆ ಹಾಕುವುದೊಂದು ಬಾಕಿ. ದೀಪ ಸ್ವಲ್ಪ ಹೊತ್ತು ಉರಿಯಲಿ, ಆಮೇಲೆ ಹೊದಿಸೋಣ ಎಂದು ಅವರು ಅಡುಗೆಮನೆಗೆ ಹೋದರು. ನಾನು ಒಂದು ತಟ್ಟೆ ಚಕ್ಕುಲಿ ಹಿಡಿದು ಕೆಳಗಿನ ಮನೆಯೊಡತಿಯ ಹತ್ತಿರ ಇಳಿದೆ. ಇಲ್ಲಿ ಬೆಳಗಿನ ಆರಕ್ಕೆ ಮುಂಚೆ ಸದ್ದು ಮಾಡುವಂತಿಲ್ಲ. ಐದಕ್ಕೇ ನೀರು ಸುರಿಯುವವರು ಮೊದಲೇ ಒಪ್ಪಿಗೆ ಪಡೆದಿರಬೇಕು. ಚಕ್ಕುಲಿ ಕೊಟ್ಟು ಒಂದು ದಿನದ ಮಟ್ಟಿಗೆ ಐದು ಗಂಟೆಗೆ ಒಪ್ಪಿಸಿ, ಗೆದ್ದ ಮುಖದಲ್ಲಿ ಮೇಲೆ ಬಂದೆ.

ಬಚ್ಚಲಿನೊಳಗಿಂದ ಸಿಳ್ಳೆ ಕೇಳಿಸಿತು.

ನನ್ನ ಗಂಡ ಆಫೀಸಿನಿಂದ ನೇರ ಓಡಲು ಹೋಗಿ, ಕಾಲು ನೋಯಿಸಿಕೊಂಡು ಬಂದು, ಯಾರನ್ನೂ ಕೇಳದೆ ತೊಟ್ಟಿಯಲ್ಲಿ ಮಲಗಿದ್ದರು. ಎದೆಯ ಮೇಲೆ ಸೇವಂತಿಗೆ ಎಸಳು.

“ರೀ! ಏನ್ ಮಾಡಿದ್ರಿ ಇದು?”

“ನೀನ ತಯಾರ ಮಾಡಿಟ್ಟಿಯಲ್ಲ? ಹೂವು, ದೀಪ ಎಲ್ಲಾ ಇಟ್ಟಿ. ವೆಲ್‌ನೆಸ್, ಸ್ಪಾ ಅಂತ ತಿಳಕೊಂಡೆ. ಭಾರಿ ಖುಷಿ ಆತು ನೋಡು.”

ಹದಿನೈದು ವರ್ಷದ ಸಂಸಾರದಲ್ಲಿ ನಾನು ಒಮ್ಮೆಯೂ ಈ ಮನುಷ್ಯನಿಗೆ ಹೂವು ಹಾಕಿ ಸ್ನಾನಕ್ಕೆ ಇಟ್ಟವಳಲ್ಲ. ಅಂದ ಮೇಲೆ ಅನುಮಾನ ಬರಬೇಡವೆ? ಬರಲಿಲ್ಲ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು.

“ಏ ತಮ್ಮಾ, ಗಂಗವ್ವನ ಮ್ಯಾಲೆ ಕುಂತಿಯೇನೋ! ಬಿಡು ಆ ನೀರು, ಚರಂಡಿಗೆ ಬಿಡು ಮೊದಲ.”

ಒಂದು ಬಾಯ್ಲರಿನ ಪೂರ್ತಿ ನೀರು! ಗಂಡನನ್ನು ಟವೆಲ್ ಸುತ್ತಿ ಹೊರಗೆ ಕಳಿಸಿ, ತೊಟ್ಟಿಗೆ ಅಡ್ಡ ನಿಂತೆ.

“ಅತ್ತಿ, ಬಿಡೂದು ಬ್ಯಾಡ. ಸಾಬೂನು ಹಚ್ಚಿಲ್ಲ ಇನ್ನೂ. ಎಸಳು ತಗದು, ಮ್ಯಾಲೆ ಬಿಸಿ ಬೆರಸಿದ್ರ ನಾಳೆ ನಡೀತೈತಿ. ಹೊರಗಿನವರೇನು? ನಿಮ್ಮ ಮಗನ ಅಲ್ಲೇನ್ರಿ?”

“ಮಗ ಅದಾನ ಅಂತ ಅವನು ಬಾಯಿ ಮುಕ್ಕಳಿಸಿದ ನೀರು ಕುಡಿಯಾಕಾಗತೈತೇನು?”

“ಘಟಪ್ರಭಾ ಹೊಳ್ಯಾಗ ಊರ ಮಂದಿ ಎಲ್ಲಾ ಒಂದ ನೀರಾಗ ಮುಳುಗ್ತೀರಲ್ಲ, ಎಮ್ಮಿನೂ ಮುಳುಗ್ತಾವ. ಅದಕ್ಕಿಲ್ಲದ ಮೈಲಿಗಿ ಇದಕ್ಯಾಕ?”

“ಹೊಳಿ ಹರೀತೈತಿ. ನಿನ್ನ ತೊಟ್ಟಿ ಎಲ್ಲಿ ಹರೀತೈತಿ? ನಿಂತ ನೀರು ಅದು.”

ಮಗಳು ತನ್ನ ಕೋಣೆಯಿಂದ ತಲೆ ಹಾಕಿದಳು. ಹನ್ನೆರಡು ವರ್ಷ. “ಅಮ್ಮಾ, ಎಕ್ಲಿಶ್! ಪಪ್ಪಾನ ಸ್ವೆಟ್ ಇದೆ ಅದ್ರಲ್ಲಿ. ನಾನಂತೂ ಹೋಗಲ್ಲ.” ಹೇಸಿಗೆ ಎನ್ನುವುದಕ್ಕೆ ಅವಳ ಬಾಯಿಗೆ ಮೊದಲು ಬರುವುದು ಈ ಜರ್ಮನ್ ಪದವೇ. ಎಲ್ಲದಕ್ಕೂ ಜಗಳವಾಡುವ ಅಜ್ಜಿ ಮೊಮ್ಮಗಳು ಇದೊಂದಕ್ಕೆ ಒಂದಾದರು. ಗಂಡನನ್ನು ಕೇಳಿದರೆ, “ನನಗೇನ ತಿಳೀತೈತಿ, ನೀವ ಮಾತಾಡ್ಕೊಳ್ರಿ,” ಎಂದು ತಲೆ ಒರೆಸಿಕೊಳ್ಳುತ್ತಿದ್ದರು.

ಚೌಕಾಸಿಯಲ್ಲಿ ಒಬ್ಬರೇ ಆದಾಗ ಮೂರನೆಯವರನ್ನು ಸಾಕ್ಷಿಗೆ ತರಬೇಕು. ನನ್ನ ಗಿರಾಕಿಗಳಿಗೂ ಇದನ್ನೇ ಹೇಳುತ್ತೇನೆ. ಆದರೆ ಸಾಕ್ಷಿ ಪೂರ್ತಿ ಏನು ಹೇಳುತ್ತಾರೆಂದು ಮೊದಲೇ ಕೇಳಿಕೊಂಡಿರಿ. ನಾನು ಕೇಳಿಕೊಂಡಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮನೆಯೊಡತಿ ಖಾಲಿ ತಟ್ಟೆ ಹಿಂದಿರುಗಿಸಲು ಮೇಲೆ ಬಂದರು. ಎಂಬತ್ತು ದಾಟಿದ ಮುದುಕಿ. ಚಿಕ್ಕವರಿದ್ದಾಗ ಶನಿವಾರ ಇಡೀ ಮನೆಗೆ ಒಂದೇ ತೊಟ್ಟಿ ನೀರು ಎಂದು ಹಿಂದೆ ಯಾವಾಗಲೋ ಹೇಳಿದ್ದರು. ಅದನ್ನೇ ಮತ್ತೆ ಹೇಳಿ ಎಂದು ಕೇಳಿಕೊಂಡೆ.

ಅವರು ಹೌದೆಂದು ತಲೆಯಾಡಿಸಿದರು. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಮಕ್ಕಳು, ಎಲ್ಲರೂ ಅದೇ ನೀರಿನಲ್ಲಿ.

“ಕೇಳಿದ್ರೇನು ಅತ್ತಿ? ಅಪ್ಪ, ಅವ್ವ, ಮಕ್ಕಳು, ಎಲ್ಲಾರೂ ಒಂದ ನೀರಾಗ. ಏನಾಗೇತಿ ಇವರಿಗೆ? ಎಂಬತ್ತು ದಾಟಿ ಗಟ್ಟಿ ಅದಾರ.”

ಮುದುಕಿ ನಿಲ್ಲಿಸಲಿಲ್ಲ. ಮಾತು ಮುಂದುವರಿಸಿದರು, ಮುಖ ಕಿವುಚಿಕೊಂಡಿತು. ನಾನು ತಟ್ಟೆ ತೆಗೆದುಕೊಂಡು ಧನ್ಯವಾದ ಹೇಳಲು ನೋಡಿದೆ.

“ಈಗ ಏನಂದ್ರು ಅವರು?” ಅತ್ತೆ ಬಿಡಲಿಲ್ಲ.

“ಏನಿಲ್ಲ, ಚಕ್ಕುಲಿ ಚೊಲೋ ಆಗ್ಯಾವ ಅಂತ.”

“ಸುಳ್ಳು!” ಮಗಳು ಕೂಗಿದಳು. ಕನ್ನಡದಲ್ಲಿ ಎರಡು ಮಾತು ಕೂಡಿಸಲು ಸದಾ ತಡಕಾಡುವ ಹುಡುಗಿ ಅಂದು ಒಂದು ಪದ ತಪ್ಪದೆ ಒಪ್ಪಿಸಿದಳು. “ಅಜ್ಜಿ, ಇವ್ರು ಐದನೇವ್ರು. ಇವ್ರ ಟರ್ನ್ ಬರೋ ಹೊತ್ತಿಗೆ ನೀರು ಬೂದಿ ಬಣ್ಣ ಆಗಿರ್ತಿತ್ತಂತೆ, ತಣ್ಣಗೆ. ಅಣ್ಣ ಅದ್ರಲ್ಲೇ ಉಚ್ಚೆ ಮಾಡ್ತಿದ್ನಂತೆ. ಮೊದಲ ಸಂಬಳ ಬಂದಾಗ ಷವರ್ ಇರೋ ರೂಮ್ ತಗೊಂಡ್ರಂತೆ. ಅವತ್ತಿಂದ ಒಂದಿನನೂ ತೊಟ್ಟಿಯಲ್ಲಿ ಕೂತಿಲ್ವಂತೆ.”

ಅತ್ತೆ ಮುದುಕಿಯ ಕೈ ಹಿಡಿದುಕೊಂಡರು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ತೊಟ್ಟಿಯ ಕಡೆ ನೋಡಿ ಒಂದೇ ಥರ ಮೂಗು ಮುರಿದರು. ಬಿರಡೆ ಕಿತ್ತೆ. ಕುಂಕುಮ, ಎಸಳು, ನನ್ನ ಲೆಕ್ಕಾಚಾರ ಎಲ್ಲ ಗುಳುಗುಳು ಎಂದು ಇಳಿದುಹೋಯಿತು.

ಬೆಳಗ್ಗೆ ಐದಕ್ಕೆ ಒಂದೇ ಬಾಯ್ಲರ್ ನೀರು. ಅದರಲ್ಲಿ ಎರಡು ಬಕೆಟ್ ತೊಟ್ಟಿ ತೊಳೆಯುವುದಕ್ಕೇ ಹೋಯಿತು. ಅತ್ತೆಗೆ ತಣ್ಣೀರಿನಲ್ಲಿ ತೊಳೆದರೆ ಸಮಾಧಾನವಿಲ್ಲ. ನಾನು ದೊಡ್ಡ ಕುಕ್ಕರ್, ಸಾರಿನ ಪಾತ್ರೆ, ಕೆಟಲ್ ಎಲ್ಲವನ್ನೂ ಒಲೆಗೇರಿಸಿ ಓಡಾಡಿದೆ. ಅತ್ತೆ ತಾವು ಮಿಂದು, ಮಗನಿಗೆ ಹಾಕಿದರು. “ನಿನ್ನೆ ಪೂರಾ ತೊಟ್ಟಿ ಮುಗಿಸಿದಾಂವಗ ಇಷ್ಟ ಸಾಕು,” ಎಂದು ಐದೇ ತಂಬಿಗೆ. ಮೊಮ್ಮಗಳ ಉದ್ದ ಕೂದಲಿಗೆ ಮಾತ್ರ ಲೆಕ್ಕವಿಲ್ಲದೆ ಸುರಿದರು. ಅವಳು ಕಣ್ಣುರಿ ಎಂದು ಚೀರಿದರೂ ಎದ್ದು ಓಡಲಿಲ್ಲ. ಅಜ್ಜಿ ಸೀಗೆಪುಡಿ ತಿಕ್ಕುವಷ್ಟು ಹೊತ್ತೂ ಕೂತಿದ್ದಳು. ಅದನ್ನು ನೋಡಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ನನ್ನ ಸರದಿ ಬಂದಾಗ ನಳದಲ್ಲಿ ತಣ್ಣೀರು. ಒಲೆಯ ಮೇಲಿನ ಕೊನೆಯ ಪಾತ್ರೆಯನ್ನು ಬಕೆಟ್ಟಿಗೆ ಸುರಿದರೂ ಚಳಿ ಬಿಡಿಸಿದಷ್ಟೇ. ತೊಟ್ಟಿಯಲ್ಲಿ ಕಾಲಿಟ್ಟೆ. ಮಗಳು ಬಿರಡೆ ತೆಗೆಯದೆ ಎದ್ದು ಹೋಗಿದ್ದಳು. ಅವಳು ಮಿಂದ ನೀರು ಕಣಕಾಲು ಮುಳುಗುವಷ್ಟು ನಿಂತಿತ್ತು, ಇನ್ನೂ ಹಿತವಾಗಿ ಬೆಚ್ಚಗಿತ್ತು. ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು, ಸೀಗೆಯ ಕಂದು ಕದಡಿತ್ತು. ಕೂತುಬಿಡಬಹುದಿತ್ತು. ನಿನ್ನೆ ಸಂಜೆಯಿಡೀ ನಾನು ವಾದಿಸಿದ್ದು ಅದನ್ನೇ. ಅಷ್ಟರಲ್ಲಿ ಒಂದು ಉದ್ದ ಕೂದಲು ನನ್ನ ಹಿಮ್ಮಡಿಗೆ ಜಿಡ್ಡಾಗಿ ಸುತ್ತಿಕೊಂಡಿತು. ನಾನು ಹೆತ್ತ ಮಗಳದ್ದೇ. ಮೈ ಜುಮ್ಮೆಂದಿತು. ಕಾಲ್ಬೆರಳಿನಲ್ಲಿ ಸರಪಳಿ ಹಿಡಿದು ಬಿರಡೆ ಕಿತ್ತೆ.

ಅತ್ತೆ ತಂಬಿಗೆ ಹಿಡಿದು ನೋಡುತ್ತಲೇ ಇದ್ದರು.

“ಯಾಕವಾ, ಬಿಟ್ಟಿ? ಬೆಚ್ಚಗಿತ್ತಲ್ಲ?”

ನಾನು ಬಾಯಿ ತೆರೆಯುವುದರೊಳಗೆ ತಣ್ಣನೆಯ ಮೊದಲ ತಂಬಿಗೆ ನೆತ್ತಿಯ ಮೇಲೆ ಬಿತ್ತು.