ನಾನು ಬಿಟ್ಟು ಓದಿದ ಸಾಲುಗಳು

"ಕಾಲೇಜು ಕಲಿತರೂ ಅವರ ವಿಶ್ವಾಸ ಒಂದು ದಿನವೂ ಅಲುಗಲಿಲ್ಲ, ಬಂಡೆಯ ಮೇಲೆ ಕಟ್ಟಿದ ಮನೆ ಅದು." ನನ್ನ ಅಣ್ಣನ ವಿಷಯವಾಗಿ ಹಾನಗಲ್ಲಿನ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಇಂದಿಗೂ ಹೀಗೆ ಹೇಳುತ್ತಾರೆ. ಕಾಲೇಜಿಗೆ ಹೊರಟು ನಿಂತ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಇದನ್ನೇ ಬುದ್ಧಿಮಾತಾಗಿ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನೂ ಮುಗಿಸದೆ, ಸಿಕ್ಕಿದ್ದನ್ನು ಓದಿ ಅಷ್ಟಿಷ್ಟು ತಿಳಿದುಕೊಂಡವನು ನಾನು. ನನ್ನ ತಕರಾರಿಗೆ ತೂಕ ಕಡಿಮೆ ಎಂದು ಬಲ್ಲೆ. ಆದರೆ ಆ ಮಾತು ಹುಟ್ಟಿದ್ದೇ ನನ್ನ ಬಾಯಲ್ಲಿ.

ಮಹಾಯುದ್ಧ ನಡೆದಿದ್ದ ವರ್ಷಗಳವು. ಅಪ್ಪ ಊರ ಹೊರಗೆ ಬೇರೆಯವರ ಭತ್ತದ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದ. ನಮ್ಮ ಸಭೆಯಿಂದ ಮೊದಲು ಕಾಲೇಜು ಕಂಡವನು ಅಣ್ಣ. ಅವನು ಧಾರವಾಡದಲ್ಲಿದ್ದ. ಅಲ್ಲಿ ತರ್ಕದ ತಾಸು ಇತ್ತು, ವಿಜ್ಞಾನದ ತಾಸು ಇತ್ತು. ಪ್ರಾರ್ಥನೆಗೆಂದು ಗಂಟೆ ಬಾರಿಸುವವರು ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವನ ಟಪಾಲು ಕಾರ್ಡು ಬರುತ್ತಿತ್ತು. ಅಪ್ಪನಿಗೂ ಅವ್ವನಿಗೂ ಅಕ್ಷರ ಬಾರದು. ಹದಿನೇಳರ ನಾನು ಸಂಜೆ ಕಟ್ಟೆಯ ಮೇಲೆ ಕುಳಿತು ಓದಿ ಹೇಳಬೇಕು.

ಟಪಾಲು ತರುತ್ತಿದ್ದವರು ಸವಣೂರಿನ ಕಡೆಯ ಒಬ್ಬ ಹಿರಿಯ ಸಾಹೇಬರು. ಭತ್ತದ ಕೊಯ್ಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ಗದ್ದೆಗಳ ಕಡೆಯಿಂದ ನಮ್ಮ ಮನೆಗೆ ಬಂದು ಕಾರ್ಡು ಚಾಚಿದರು.

"ತಗೋಪಾ, ನಿಮ್ಮಣ್ಣಂದು. ಅಕ್ಷರ ಅಲ್ಲೋ ಮಾರಾಯ, ಇರಿವಿ ಸಾಲ ಬಿಟ್ಟಾನ. ನನ್ನ ಚಾಳೀಸಕ್ಕ ದಣಿವಾತು."

ಕನ್ನಡಕ ಒರೆಸಿಕೊಳ್ಳುತ್ತ ಅವರು ಹೊರಟುಹೋದರು. ನಾನು ಕಾರ್ಡು ಓದಿದೆ. "ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೇನೆ. ಪ್ರಾರ್ಥಿಸಿದರೆ ಗೋಡೆಯೊಡನೆ ಮಾತಾಡಿದಂತಾಗುತ್ತದೆ. ಕ್ರಿಸ್ಮಸ್ಸಿಗೆ ಬಂದರೂ ಕರ್ತನ ಭೋಜನಕ್ಕೆ ಏಳಲಾರೆ, ಅದು ಸುಳ್ಳಾಡಿದಂತೆ. ಅಪ್ಪನಿಗೆ ನೀನೇ ತಿಳಿಸು."

ಸಂಜೆ ಅಪ್ಪ ಕಾಲು ತೊಳೆದುಕೊಂಡು ಬಂದು ಎದುರಿಗೆ ಕುಳಿತ. ನಾನು ಕ್ಷೇಮಸಮಾಚಾರದ ಎರಡು ಸಾಲು ಓದಿ, ಉಳಿದುದನ್ನು ಬಿಟ್ಟು, "ದಿನಾ ಮುಂಜಾನೆ ತಪ್ಪದೆ ಪ್ರಾರ್ಥನೆ ಮಾಡುತ್ತೇನೆ" ಎಂದು ಸೇರಿಸಿದೆ.

"ಇನ್ನೊಮ್ಮೆ ಓದು," ಅಂದ ಅಪ್ಪ.

ಓದಿದೆ.

"ಮೊದಲ ಸಲ ಬರೇ ಮುಂಜಾನಿ ಅಂದಿ, ಈಗ ಸಂಜಿಗೂ ಆತು. ಕಾರ್ಡಿನ್ಯಾಗ ಬೆಳಿ ಭಾಳ ಲಗೂನ ಬರ್ತೈತಲ್ಲೋ!"

"ಸುಮ್ನಿರ್ರಿ ನೀವು," ಎಂದು ಅವ್ವ ಗದರಿದಳು. "ನನ್ನ ಮಗ ಮೂರು ಹೊತ್ತೂ ಮಾಡ್ತಾನ. ನನಗೊತ್ತಿಲ್ಲೇನು?" ಮರುದಿನವೇ ಅವಳು ಅದನ್ನು ಸಭೆಯ ಹೆಂಗಸರಿಗೆಲ್ಲ ಹೇಳಿಬಂದಳು. ಬಂಡೆಯ ಮೇಲಿನ ಮನೆಗೆ ಅಡಿಗಲ್ಲು ಬಿದ್ದದ್ದು ಹೀಗೆ.

ಕ್ರಿಸ್ಮಸ್ಸಿಗೆ ಅಣ್ಣ ಬಂದ, ಸೊರಗಿದ್ದ. ಶಿಗ್ಗಾಂವಿಯಿಂದ ಬಂದ ಪಾದ್ರಿಗಳು ಕರ್ತನ ಭೋಜನದ ರೊಟ್ಟಿ ಮುರಿದು ಕರೆದಾಗ ಎಲ್ಲರೂ ಎದ್ದರು. ಹಿಂದಿನ ಚಾಪೆಯ ಮೇಲೆ ಕುಳಿತಿದ್ದ ಅಣ್ಣ ತಲೆ ತಗ್ಗಿಸಿದ. ಎಲ್ಲರ ಕಣ್ಣೂ ಅವನ ಮೇಲೆ ಬೀಳುವಷ್ಟರಲ್ಲಿ ಪಕ್ಕದಲ್ಲಿದ್ದ ಅಪ್ಪ, "ಅಯ್ಯಯ್ಯಪ್ಪಾ, ಮೊಣಕಾಲು!" ಎಂದು ಕೂಗಿ ಅವನ ಹೆಗಲು ಹಿಡಿದುಕೊಂಡ. ಅಪ್ಪನನ್ನು ನೋಡಿಕೊಳ್ಳಲು ಮಗ ಕುಳಿತನೆಂದು ಜನ ತಿಳಿದರು. ಅವ್ವ ಮನೆಗೆ ಬಂದು ಎಣ್ಣೆ ಕಾಸಿ ತಿಕ್ಕಿದಳು.

ಈಸ್ಟರ್ ಬಂತು. ಅಣ್ಣ ಧಾರವಾಡದಲ್ಲಿದ್ದ, ಅಪ್ಪ ಅಂದೂ ಏಳಲಿಲ್ಲ. ವಾರವೆಲ್ಲ ಗದ್ದೆಯಲ್ಲಿ ಬಗ್ಗಿ ದುಡಿಯುವವನ ಮೊಣಕಾಲು ರೊಟ್ಟಿ ಮುರಿಯುವ ದಿನವೇ ನೋಯುವುದು ಹೇಗೆ? ಎಲ್ಲವನ್ನೂ ಸಂಶಯಿಸುವವನೆಂದು ಹೆಸರಾದ ನಾನು ಅದೊಂದನ್ನು ಸಂಶಯಿಸಲಿಲ್ಲ.

ಮರುವರ್ಷದ ಕ್ರಿಸ್ಮಸ್ಸಿನಲ್ಲಿ ಅಣ್ಣ, ಯಾರೂ ಒತ್ತಾಯಿಸದೆ, ನಿಧಾನವಾಗಿ ಎದ್ದು ನಿಂತು ಅಪ್ಪನಿಗೆ ಕೈಕೊಟ್ಟ. ಅಪ್ಪ ಆ ಕೈಯನ್ನು ಹಿಡಿಯದೆಯೇ ಚಂಗನೆ ಎದ್ದ. ಇಬ್ಬರೂ ಒಟ್ಟಿಗೆ ಮುಂದೆ ಹೋದರು.

ಅಣ್ಣ ಆಮೇಲೆ ಹಿರೇಕೆರೂರಿನಲ್ಲಿ ಮಾಸ್ತರನಾಗಿ ಬಾಳಿದ. ಅವನು ತೀರಿಕೊಂಡ ಮೇಲೆ ಅವನ ಸತ್ಯವೇದ ನನ್ನ ಕೈಗೆ ಬಂತು. ಒಳಗೊಂದು ಕಾರ್ಡಿತ್ತು. ಮನೆಯ ಪತ್ರಗಳನ್ನೆಲ್ಲ ಬರೆದವನು ನಾನು. ಆ ಅಕ್ಷರ ಮಾತ್ರ ನನ್ನದಲ್ಲ.

"ನೀ ಕಾರ್ಡಿನ್ಯಾಗ ಬರೆದಿದ್ದನ್ನ ಸಾಹೇಬರು ಗದ್ದ್ಯಾಗ ಪೂರಾ ಓದಿ ಹೇಳಿದ್ರು. ಅವರ ಕಡಿಂದನ ಇದನ್ನ ಬರಸಾಕತ್ತೇನಿ. ಪ್ರಾರ್ಥನಾ ಬರವಲ್ಲದು ಅಂದ್ರ ಸುಳ್ಳ ಕಣ್ಣು ಮುಚ್ಚಬ್ಯಾಡ. ನಿನ್ನ ಪಾಲಿಂದೂ ನಾನ ಮಾಡ್ತೇನಿ. ಊಟ ಬಿಡಬ್ಯಾಡ. ಹಬ್ಬಕ್ಕ ಬಾ. ನೀ ಏಳೂತನಕ ನಾನೂ ಏಳೂದಿಲ್ಲ, ಮೊಣಕಾಲು ಅಂತೇನಿ. ಸಣ್ಣಾವ ಆ ಮಾತು ಬಿಟ್ಟು ಓದ್ಯಾನ, ನನಗ ನೋವಾದೀತು ಅಂತ. ನನಗ ಗೊತ್ತೈತಿ ಅನ್ನೂದು ಅವಗ ಹೇಳಬ್ಯಾಡ."

ಕೆಳಗೆ ಅಪ್ಪನ ಎಡಗೈ ಹೆಬ್ಬೆಟ್ಟು. ಹಾನಗಲ್ಲಿನ ಟಪಾಲು ಠಸ್ಸೆ ಅರ್ಧ ಅಳಿಸಿದ್ದರೂ ಗುರುತು ಸಿಗುತ್ತದೆ. ಈ ಕಾರ್ಡನ್ನೂ ಅಣ್ಣನ ಆ ಕಾರ್ಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಯಾರು ಬೇಕಾದರೂ ಬಂದು ನೋಡಬಹುದು. ಒಂದು ಸಾಲನ್ನೂ ಬಿಡದೆ ಓದಬೇಕು, ಅಷ್ಟೆ.