ಮೈಕಲ್‌ಗೆ ಕಾಶ್ಯಪ ಗೋತ್ರ

“ಈ ಮೈಕಲ್ ಅನ್ನೋರ್ದು ಗೋತ್ರ ಯಾವ್ದಮ್ಮಾ?” ಮಂತ್ರ ನಿಲ್ಲಿಸಿ ಪುರೋಹಿತರು ನನ್ನ ಮುಖ ನೋಡಿದರು.

ಅಂದು ಆಯುಧಪೂಜೆ. ದೊಡ್ಡಬಳ್ಳಾಪುರದ ನೇಕಾರರೊಬ್ಬರ ಮನೆ. ಅವರ ಪವರ್‌ಲೂಮಿಗೆ ಸೀರೆಯ ಡಿಸೈನ್ ಕೊಡುವ ಪುಟ್ಟ ಕಂಪ್ಯೂಟರ್ ಬಾಶೆಟ್ಟಿಹಳ್ಳಿಯ ನಮ್ಮ ಕಂಪನಿಯದು. ಯಾರ್ಯಾರೋ ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟ ಕೋಡ್ ಅದರೊಳಗೆ ಬೇಕಾದಷ್ಟಿದೆ. ಆ ಕೋಡಿನಲ್ಲಿ ಸುರಕ್ಷತೆಯ ದೋಷ ಕಂಡರೆ ಸರಿಪಡಿಸುವುದು, ಅದನ್ನು ಬಳಸುವ ಷರತ್ತಿನಂತೆ ಬರೆದವರ ಹೆಸರನ್ನೆಲ್ಲ ಪರದೆಯ ಒಂದು ಪುಟದಲ್ಲಿ ತೋರಿಸುವುದು ನನ್ನ ಕೆಲಸ. “ಆ ಪುಟ ಯಾರ್ರೀ ಓದ್ತಾರೆ, ತೆಗೆದ್ಹಾಕಿ” ಎಂದು ಮ್ಯಾನೇಜರ್ ಆ ವಾರವಷ್ಟೇ ಗದರಿದ್ದರು.

ಹಬ್ಬಕ್ಕೆ ಮಗ್ಗ ನಿಂತಿರುತ್ತದೆಂದು ಅಪ್‌ಡೇಟ್ ಹಾಕಲು ನಾನು ಹೋದರೆ, ಪೂಜೆ ಮುಗಿಯುವ ತನಕ ಮುಟ್ಟಬೇಡಿ ಎಂದರು ಮನೆಯವರು. ಮನೆಯೊಡತಿ ಗಂಗಮ್ಮ ಪರದೆಗೆ ಕುಂಕುಮವಿಟ್ಟು, ಅದೇ ಪುಟ ತೆರೆದು, ಮನೆಯವರ ಹೆಸರಿನ ಬೆನ್ನಿಗೇ ಮೈಕಲ್, ಯೂಕಿ, ಪಾವೆಲ್ ಎಂದು ಅರ್ಚನೆಗೆ ಹೇಳತೊಡಗಿದ್ದರು! “ಮಾಡ್ದೋರ್ ಹೆಸ್ರು ಬಿಟ್ಟು ಪೂಜೆ ಮಾಡೋಕಾಗುತ್ತಾ?” ಎಂದು ನನ್ನನ್ನೇ ಕೇಳಿದರು.

ನಗು ತಡೆಯಲು ನಾನು ಸೆರಗು ಕಚ್ಚಿಕೊಂಡಿದ್ದೆ. “ಗೊತ್ತಿಲ್ದಿದ್ರೆ ಕಾಶ್ಯಪ ಅಂದ್ಬಿಡೋಣ” ಎಂದು ಪುರೋಹಿತರೇ ಪರಿಹಾರ ಕೊಟ್ಟರು. ಮೂವರೂ ಅಲ್ಲೇ ಒಂದೇ ಗೋತ್ರದವರಾಗಿಬಿಟ್ಟರು.

ಹಬ್ಬ ಕಳೆದು ಆಫೀಸಿಗೆ ಹೋದವಳೇ ಗಂಗಮ್ಮ ಕೊಟ್ಟಿದ್ದ ಕಡ್ಲೆಪುರಿ ಪೊಟ್ಟಣವನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, “ತಗೊಳ್ಳಿ ಸಾರ್, ಮೈಕಲ್ ಹೆಸರಿನ ಪ್ರಸಾದ” ಎಂದೆ. ಆ ಪುಟ ಇವತ್ತಿಗೂ ಇದೆ. ಅದಕ್ಕೆ ಹೊಸ ಹೆಸರು ಸೇರಿಸುವಾಗಲೆಲ್ಲ ನನ್ನ ಬಾಯಿ ತಾನಾಗಿಯೇ ‘ಕಾಶ್ಯಪ ಗೋತ್ರೋದ್ಭವಸ್ಯ’ ಎಂದುಬಿಡುತ್ತದೆ.