ಪೂಜೆಗಿಟ್ಟ ಗಿಟಾರ್

ಪವಾಡ, ದೆವ್ವ ಎಂದವರನ್ನೆಲ್ಲ ನಕ್ಕು ಕಳಿಸುತ್ತಿದ್ದವನು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಡಿ ಮೊಹಲ್ಲಾದ ನಮ್ಮ ಸೈಕಲ್ ಶಾಪಿನಲ್ಲಿ ಕೂತವನಿಗೆ ಕೈಗೆ ಸಿಕ್ಕಿದ್ದಷ್ಟೇ ನಿಜ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಅದರ ಮೇಲೆ ಗುಮಾನಿ ಇದೆ.

ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಅಣ್ಣ ಮಾತ್ರ ಇಂಗ್ಲಿಷ್ ಶಾಲೆಗೆ ಹೋದ. ಅರವತ್ತರ ದಶಕದಲ್ಲಿ ಅಲ್ಲಿನ ಹುಡುಗರು ಬ್ಯಾಂಡ್ ಕಟ್ಟಿದ್ದರು. ಕಡಲನ್ನೇ ಕಾಣದವರು ಅಮೆರಿಕದ ಕಡಲಲೆಯ ಹಾಡುಗಳನ್ನು ಗಿಟಾರಿನಲ್ಲಿ ನುಡಿಸುತ್ತಿದ್ದರು. ಅವನ್ನೆಲ್ಲ ಬೆಂಗಳೂರಿನಲ್ಲಿ ರೆಕಾರ್ಡ್ ಮಾಡಿಸುವುದೆಂದಾಯಿತು. ಕ್ರಿಶ್ಚಿಯನ್ನರೊಬ್ಬರ ಸ್ಟುಡಿಯೋ ಸಿಕ್ಕಿದ್ದು ಒಂದೇ ದಿನ, ಅದೂ ಆಯುಧಪೂಜೆಯಂದು.

ನನಗೆ ಹೊಟ್ಟೆಕಿಚ್ಚು. ಬೆಳಗಿನ ಜಾವವೇ ಎದ್ದು ಅಣ್ಣನ ಗಿಟಾರನ್ನು ಸ್ಪ್ಯಾನರ್, ಪಂಪುಗಳ ಸಾಲಿನಲ್ಲಿಟ್ಟೆ. ಅಣ್ಣನೇ ಇಟ್ಟನೆಂದು ಅಪ್ಪ ಖುಷಿಯಿಂದ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು. ಪೂಜೆಗಿಟ್ಟಿದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅದು ನಮ್ಮ ಮನೆಯ ಕಟ್ಟು. ಅಣ್ಣ ಎಷ್ಟು ಬೇಡಿದರೂ ಅಪ್ಪ ಜಗ್ಗಲಿಲ್ಲ. ಬರಿಗೈಯಲ್ಲಿ ಹೋಗಲಾರದೆ ಅವನು ಇಡೀ ದಿನ ನನ್ನ ಪಕ್ಕದಲ್ಲೇ ಶಾಪಿನ ಮೆಟ್ಟಿಲ ಮೇಲೆ ಕೂತಿದ್ದ. ಅಪ್ಪ ಬೇಕೆಂದೇ ಇಟ್ಟರೆಂದು ತಿಳಿದು, ಕೆಲಸ ಸಿಕ್ಕಿದ್ದೇ ಮನೆ ಬಿಟ್ಟ. ಅಪ್ಪನ ಮಣ್ಣಿಗೂ ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಮೂರು ವರ್ಷದ ಹಿಂದೆ ಆ ಬ್ಯಾಂಡಿನ ಡ್ರಮ್ಮರ್ ತೀರಿಕೊಂಡ ಮೇಲೆ, ಅವರ ಮಗಳು ನಮ್ಮಿಬ್ಬರನ್ನೂ ಬನ್ನಿಮಂಟಪದ ಮನೆಗೆ ಕರೆದಳು. ಉಳಿದವರು ಅಣ್ಣನಿಲ್ಲದೆ ಆಯುಧಪೂಜೆಯಂದೇ ಮಾಡಿಸಿದ್ದ ಆ ರೆಕಾರ್ಡ್ ಅವಳ ಅಪ್ಪನ ಸಾಮಾನಿನಲ್ಲಿ ಸಿಕ್ಕಿತ್ತು. ಕವರಿನ ಮೇಲೆ ಅಣ್ಣನ ಹೆಸರಿಲ್ಲ. ಮಟಮಟ ಮಧ್ಯಾಹ್ನ, ಅಣ್ಣನೇ ಅದನ್ನು ಪ್ಲೇಯರಿಗೆ ಹಾಕಿದ. ಮೂರನೇ ಹಾಡಿಗೆ ಮುಂಚೆ ಒಂದು ಎಳೆಯ ದನಿ ಎಣಿಸಿತು: "ಒಂದು, ಎರಡು, ಮೂರು, ಊಂ!" ಆ ಗುಂಪಿನಲ್ಲಿ ಕನ್ನಡದಲ್ಲಿ ಎಣಿಸುತ್ತಿದ್ದವನು ಅಣ್ಣ ಒಬ್ಬನೇ. ಅದಕ್ಕೇ ಅವನನ್ನು ಎಲ್ಲರೂ "ಕನ್ನಡ ಮೇಷ್ಟ್ರೇ" ಎಂದು ರೇಗಿಸುತ್ತಿದ್ದರು.

"ಏನಮ್ಮಾ, ಮೊಬೈಲಲ್ಲಿ ಏನಾದ್ರೂ ಸೇರಿಸ್ಬುಟ್ಟಿದ್ದೀಯಾ?" ಎಂದೆ.

"ಅಯ್ಯೋ ಅಂಕಲ್, ನಂಗೆ ಇದ್ರ ಮುಳ್ಳು ಇಡೋಕೇ ಬರಲ್ಲ."

ಪ್ಲೇಯರನ್ನು ಎತ್ತಿ ಅಡಿ ನೋಡಿದೆ. ಏನೂ ಇಲ್ಲ. ಮೊದಲೇ ಎಲ್ಲಾದರೂ ದನಿ ಹಿಡಿದಿಟ್ಟಿದ್ದರೇ ಎಂದು ಅಣ್ಣನನ್ನು ಕೇಳಿದೆ. ಅದಕ್ಕೆ ಮುಂಚೆ ಅವರು ಟೇಪನ್ನೇ ಕಂಡಿರಲಿಲ್ಲವಂತೆ.

"ಅದು ನಾನೇ ಕಣೋ," ಎಂದ ಅಣ್ಣ. "ಅವತ್ತು ನಾನೆಲ್ಲಿದ್ದೆ?"

"ನನ್ ಪಕ್ಕದಲ್ಲೇ ಇದ್ದೆ." ಇನ್ನು ತಡೆಯಲಾಗಲಿಲ್ಲ. "ಅಣ್ಣ, ಗಿಟಾರ್ ಪೂಜೆಗಿಟ್ಟಿದ್ದು ಅಪ್ಪ ಅಲ್ಲ. ನಾನು."

ಅಣ್ಣ ಎದ್ದು ನಿಂತ.

"ಅಪ್ಪ ಸಾಯೋಕ್ ಮುಂಚೆ ಹೇಳಿ ಕಳ್ಸಿದ್ರಲ್ಲೋ. ನಾನು ಹೋಗ್ಲೇ ಇಲ್ಲ," ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಆಮೇಲೂ ಆ ಮನೆಗೆ ಹೋಗಿ ರೆಕಾರ್ಡ್ ಹಾಕಿ ಕೇಳಿದ್ದೇನೆ. ಆ ಎಣಿಕೆ ಇದ್ದೇ ಇದೆ. ನನ್ನ ಪಕ್ಕದಲ್ಲಿ ಕೂತಿದ್ದವನ ದನಿ ಅಲ್ಲಿಗೆ ಹೇಗೆ ಹೋಯಿತೋ ತಿಳಿಯದು. ಅಣ್ಣನ ಜೊತೆ ಕೂತು ಯೋಚಿಸೋಣವೆಂದರೆ, ಅಂದಿನಿಂದ ಅವನು ನನ್ನ ಫೋನ್ ಎತ್ತಿಲ್ಲ.